ಕೇಳದೇ ಹೋದ ಎರಡಕ್ಷರ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಐದು ವಾರ ಆಗಿತ್ತು. ಮಗಳು ನನ್ನ ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು ಯಾವುದು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಒಂದು ಸ್ಟ್ರಿಪ್ ಎತ್ತಿಕೊಂಡು ಎರಡು ಸಲ ಎಣಿಸಿದಳು.

“ಅಮ್ಮಾ, ಇದರಲ್ಲಿ ನಾಲ್ಕು ಮಾತ್ರೆ ಜಾಸ್ತಿ ಉಳಿದಿದೆಯಲ್ಲ?”

“ಅದನ್ನ ನಿಲ್ಲಿಸಿದೀನಿ ಕಣೇ. ತಿಂಗಳಾದ ಮೇಲೆ ನಿಲ್ಲಿಸಿ ಅಂತ ಡಾಕ್ಟ್ರೇ ಹೇಳಿದ್ರಲ್ಲ.”

ಅವಳು ಸ್ಟ್ರಿಪ್ ಹಿಡಿದುಕೊಂಡೇ ನನ್ನ ಮುಖ ನೋಡಿದಳು. “ನಾನೂ ಪಕ್ಕದಲ್ಲೇ ನಿಂತಿದ್ದೆ ಅಮ್ಮಾ. ತಿಂಗಳಾಯ್ತು, ಹುಷಾರಾದೆ ಅಂತ ಇದನ್ನ ನಿಲ್ಲಿಸಬೇಡಿ ಅಂದ್ರು ಅವರು.”

ನನಗೆ ‘ಬೇಡಿ’ ಕೇಳಿಸಿರಲಿಲ್ಲ. ‘ನಿಲ್ಲಿಸ’ ಅನ್ನುವವರೆಗೆ ಕಿವಿಗೆ ಬಿದ್ದಿತ್ತು. ಮಿಕ್ಕಿದ್ದನ್ನು ನನ್ನ ತಲೆಯೇ ತುಂಬಿಕೊಂಡಿತ್ತು.

ಆ ಮಾತ್ರೆಯ ಹೆಸರು ಕ್ಲೋಪಿಡೋಗ್ರೆಲ್. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳುವವರೆಗೆ ರಕ್ತ ಅದನ್ನು ಹೊರಗಿನ ವಸ್ತುವೆಂದೇ ನೋಡುತ್ತದೆ, ಅಲ್ಲಿ ಹೆಪ್ಪುಗಟ್ಟಲು ಹೊರಡುತ್ತದೆ. ಅದನ್ನು ತಡೆಯಲು ಆಸ್ಪಿರಿನ್ ಜೊತೆ ಇದನ್ನೂ ಕೊಡುತ್ತಾರೆ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ. ಮೊದಲ ತಿಂಗಳುಗಳಲ್ಲಿ ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಕಟ್ಟಿಕೊಂಡು ಮತ್ತೆ ಹೃದಯಾಘಾತವಾಗಬಹುದು, ಜೀವಕ್ಕೇ ಅಪಾಯ. ನಾನು ನಾಲ್ಕು ದಿನ ಬಿಟ್ಟಿದ್ದೆ. ಮಗಳು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದಳು. ಈಗಲೇ ನುಂಗಿಸಿ, ನಾಳೆ ಬೆಳಿಗ್ಗೆ ಇಸಿಜಿಗೆ ಕರೆದುಕೊಂಡು ಬನ್ನಿ ಎಂದರು. ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ. ಆ ರಾತ್ರಿ ನಾವು ಮೂವರೂ ನಿದ್ದೆ ಮಾಡಲಿಲ್ಲ.

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು ನಾನು. ಗಟ್ಟಿಯಾಗಿ ಓದಿಸುವಾಗಲೆಲ್ಲ “ವಾಕ್ಯದ ಕೊನೆಗೆ ದನಿ ಇಳಿಸಬೇಡ್ರೋ” ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ. ನಮ್ಮ ಭಾಷೆಯಲ್ಲಿ ಹೌದು, ಅಲ್ಲ, ಬೇಕು, ಬೇಡ, ಕೂಡದು ಎಲ್ಲವೂ ಬರುವುದು ಕೊನೆಯಲ್ಲೇ. ದನಿ ಇಳಿಯುವುದೂ ಅಲ್ಲೇ. ಕಿವಿ ಮಂದವಾದವರಿಗೆ ಮೊದಲು ಕೈತಪ್ಪುವುದು ಆ ಎರಡಕ್ಷರ. ನನಗೆ ಇದು ಗೊತ್ತಾಗಲು ಹೃದಯ ಕೈಕೊಡಬೇಕಾಯಿತು.

ನನ್ನ ಹೃದಯದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಐವತ್ತೇಳು ವಯಸ್ಸು, ಹನ್ನೊಂದು ವರ್ಷದಿಂದ ಬಿಪಿ. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ. ಎದೆನೋವು ಅನ್ನುವಂಥದ್ದು ಬರಲೇ ಇಲ್ಲ. ಎರಡು ದಿನ ದವಡೆ ಹಿಡಿದಂತಾಗಿ, ಬೆನ್ನಿನ ಮೇಲ್ಭಾಗ ಭಾರವಾಗಿ, ಮೂರನೆಯ ದಿನ ಮಲಗಿದರೆ ಉಸಿರೇ ಕಟ್ಟುವಂತಾಯಿತು. ಶ್ವಾಸಕೋಶದಲ್ಲಿ ನೀರು ಸೇರಿದೆ ಎಂದು, ಅದನ್ನು ಮೂತ್ರದಲ್ಲಿ ಹೊರಹಾಕಿಸುವ ಫ್ಯೂರೊಸೆಮೈಡ್ ಇಂಜೆಕ್ಷನ್ ಕೊಟ್ಟರು. ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಂ ಮಾಡಿ, ಹೃದಯದ ಮುಂಭಾಗದ ದೊಡ್ಡ ರಕ್ತನಾಳದಲ್ಲಿದ್ದ ತಡೆಯನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಆರು ದಿನಕ್ಕೆ ಮನೆಗೆ ಬಂದೆ.

ಆ ಆರು ದಿನಗಳನ್ನು ಈಗ ನೆನೆಸಿಕೊಂಡರೆ ಕಾಣುವುದು ಮಾಸ್ಕ್ ಹಾಕಿದ ಮುಖಗಳು. ಮಾನಿಟರ್‌ಗಳ ಕೀಂ ಕೀಂ, ಎಸಿಯ ಗುಂಯ್ ಸದ್ದು, ಅದರ ನಡುವೆ ಯಾರೋ ಬಂದು ಏನೋ ಹೇಳುತ್ತಿದ್ದರು. ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ತುಟಿ ಕಾಣದೆ ನನಗೆ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ. ಅದುವರೆಗೆ ನಾನು ತುಟಿ ನೋಡಿಕೊಂಡೇ ಕೇಳುತ್ತಿದ್ದೆ ಅನ್ನುವುದು ನನಗೇ ತಿಳಿದಿರಲಿಲ್ಲ. ದಾಖಲಾಗುವಾಗ ಶುಗರ್ ಇದೆಯಾ, ಅಲರ್ಜಿ ಇದೆಯಾ, ಹಿಂದೆ ಆಪರೇಷನ್ ಆಗಿದೆಯಾ ಎಂದೆಲ್ಲ ಕೇಳಿ ಬರೆದುಕೊಂಡರು. ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಮಾತ್ರೆ ಎಷ್ಟು ದಿನ ಎನ್ನುವುದು ಡಿಸ್ಚಾರ್ಜ್ ಹಾಳೆಯಲ್ಲಿ ಇದ್ದೇ ಇತ್ತು, ಆದರೆ ಸಂಕ್ಷೇಪಾಕ್ಷರಗಳಲ್ಲಿ. ಬಾಯಲ್ಲಿ ಹೇಳಿದ್ದು ಅರ್ಥವಾಗಿದೆ ಎಂದುಕೊಂಡವಳು ಅದನ್ನು ಮತ್ತೆ ಯಾಕೆ ಬಿಡಿಸಿ ನೋಡುತ್ತಾಳೆ?

ಮರುದಿನದ ಇಸಿಜಿ ಆದ ಮೇಲೆ ಹೃದ್ರೋಗ ತಜ್ಞರು ನನ್ನ ಫೈಲನ್ನು ಎತ್ತಿ ತಮ್ಮ ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದರು. ನಾನು “ಹೂಂ ಸರ್” ಎಂದೆ. ಅವರು ಫೈಲ್ ಇಳಿಸಿ, “ನಿಮ್ಮ ಹೆಸರೇನು ಅಂತ ಕೇಳಿದೆ ಟೀಚರ್,” ಎಂದರು. ಬಹಳ ಮೆತ್ತಗೆ, ನೋಯಿಸಬಾರದೆಂಬ ಹಾಗೆ ಹೇಳಿದರು. ಆಮೇಲೆ ಚೀಟಿಯಲ್ಲಿ ಇಎನ್‌ಟಿ ಎಂದು ಬರೆದು, ಕೆಳಗೆ ಆಡಿಯೋಗ್ರಾಂ ಎಂದು ಬರೆದು ಎರಡು ಗೆರೆ ಎಳೆದರು.

ಕಿವಿಯ ವಿಷಯ ಅಂದು ಶುರುವಾದದ್ದಲ್ಲ. ಮೂರು ವರ್ಷದ ಹಿಂದಿನಿಂದಲೇ ಮನೆಯಲ್ಲಿ ಒಂದು ಜಗಳ ಇತ್ತು. ನಮ್ಮವರು ಮಾತನ್ನು ಬಾಯೊಳಗೇ ನುಂಗುತ್ತಾರೆ ಎಂದು ನಾನು, ನಿನಗೆ ನನ್ನ ಮಾತಿನ ಮೇಲೆ ಗಮನವೇ ಇಲ್ಲ ಎಂದು ಅವರು. ಮಗಳು ಮಾತಾಡಿದರೆ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ತರಗತಿಯಲ್ಲಿ ಮಕ್ಕಳ ದನಿ ಕೇಳಿಸುತ್ತಿತ್ತು. ಇವರ ದನಿ ಮಾತ್ರ ಗೋಡೆಯಾಚೆಯಿಂದ ಬಂದಂತೆ. ಹಾಗಾಗಿ ತಪ್ಪು ನನ್ನ ಕಿವಿಯದ್ದಲ್ಲ, ಅವರ ದನಿಯದ್ದು ಎಂದೇ ನಂಬಿದ್ದೆ. ಒಮ್ಮೆ ಒಬ್ಬ ವೈದ್ಯರಿಗೆ ತೋರಿಸಿದ್ದೆ. ಅವರು ಗುಗ್ಗೆ ತೆಗೆದು, ವಯಸ್ಸಾಗುತ್ತಾ ಬಂತಲ್ಲ, ಇಷ್ಟು ಇದ್ದೇ ಇರುತ್ತದೆ ಎಂದು ಕಳಿಸಿದರು. ಕಿವಿಯ ಪರೀಕ್ಷೆ ಮಾಡಲಿಲ್ಲ, ಬಿಪಿ ನೋಡಲಿಲ್ಲ. ಅಂದು ನನ್ನ ಬಿಪಿ ನೋಡಿದ್ದರೆ, ಮಾತ್ರೆ ಸರಿಯಾಗಿ ತಗೋತಿದ್ದೀರಾ ಎಂದು ಒಂದು ಮಾತು ಕೇಳಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಹೃದಯಾಘಾತ ತಪ್ಪುತ್ತಿತ್ತು ಎಂದು ಹೇಳಲಾರೆ. ಆದರೆ ಆ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ ಅನ್ನುವುದಂತೂ ಅಂದೇ ಬೆಳಕಿಗೆ ಬರುತ್ತಿತ್ತು.

ಕಿವಿ ಪರೀಕ್ಷೆಯ ಕೋಣೆ ಎಂದರೆ ಒಬ್ಬರು ಕೂರುವಷ್ಟೇ ಜಾಗ. ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಒಂದು ಸಣ್ಣ ಗಾಜಿನ ಕಿಟಕಿ. ಆಡಿಯಾಲಜಿಸ್ಟ್ ನನ್ನ ಮಗಳ ವಯಸ್ಸಿನ ಹುಡುಗಿ. ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, “ಸದ್ದು ಎಷ್ಟೇ ಸಣ್ಣದಾಗಿ ಕೇಳಿಸಿದ್ರೂ ಒತ್ತಿ ಅಮ್ಮಾ, ಅನುಮಾನ ಇದ್ರೂ ಒತ್ತಿ,” ಎಂದಳು. ಬಾಗಿಲು ಮುಚ್ಚಿದ ಕೂಡಲೇ ಹೊರಗಿನದೆಲ್ಲ ನಿಂತುಹೋಯಿತು. ಆಗ ನನಗೆ ಕೇಳಿಸಿದ್ದು ಯಂತ್ರದ ಸದ್ದಲ್ಲ, ನನ್ನದೇ ನಾಡಿ. ಬಲಗಿವಿಯಲ್ಲಿ ಧಸ್, ಧಸ್, ಧಸ್. ರಾತ್ರಿ ಬಲಮಗ್ಗುಲಾಗಿ ಮಲಗಿದಾಗಲೂ ಕೇಳಿಸುತ್ತಿದ್ದ ಸದ್ದು ಅದು. ದಿಂಬಿನ ಸದ್ದು ಎಂದುಕೊಂಡಿದ್ದೆ. ಸುಮ್ಮನೆ ಬಟನ್ ಇಲ್ಲದ ಕೈಯ ಹೆಬ್ಬೆರಳನ್ನು ತೋರುಬೆರಳ ಬುಡಕ್ಕೆ ಒತ್ತಿ ನಾಡಿ ಹುಡುಕಿದೆ, ಸಿಗಲಿಲ್ಲ. ಕತ್ತಿನ ಪಕ್ಕ ಬೆರಳಿಟ್ಟೆ. ಅಲ್ಲಿನ ಮಿಡಿತವೂ ಕಿವಿಯೊಳಗಿನ ಸದ್ದೂ ಒಂದೇ ತಾಳದಲ್ಲಿದ್ದವು.

ಕಿಟಕಿಯಾಚೆ ಆ ಹುಡುಗಿ ಗುಂಡಿಗಳನ್ನು ತಿರುಗಿಸುತ್ತಿದ್ದುದು ಕಾಣುತ್ತಿತ್ತು. ಸಣ್ಣ ಕೊಳಲಿನಂಥ ಸದ್ದುಗಳಿಗೆ ಬೇಗ ಬೇಗ ಒತ್ತಿದೆ. ಆಮೇಲೆ ಸದ್ದು ಕೆಳಗಿಳಿಯುತ್ತಾ ಬಂದಿತು. ಒಂದು ಹಂತದಲ್ಲಿ ಅವಳ ಕೈ ಆಡುತ್ತಿದೆ, ನನಗೇನೂ ಕೇಳಿಸುತ್ತಿಲ್ಲ. ಅವಳು ಮತ್ತೆ ತಿರುಗಿಸಿದಳು, ಇನ್ನೂ ಇಲ್ಲ. ಇನ್ನೂ ಒಮ್ಮೆ. ಪರೀಕ್ಷೆಯಲ್ಲಿ ಉತ್ತರ ಬಾರದೆ ಕುಳಿತ ಮಕ್ಕಳ ಮುಖ ನೆನಪಾಗಿ ಕಣ್ಣು ತುಂಬಿತು. ಕೊನೆಗೆ ಎಲ್ಲೋ ದೂರದಲ್ಲಿ ಗುಂಯ್ ಎಂದಂತಾಯಿತು. ಒತ್ತಿದೆ.

ಆಡಿಯೋಗ್ರಾಂ ಎಂಬ ಆ ಹಾಳೆಯಲ್ಲಿ ಎಡದಿಂದ ಬಲಕ್ಕೆ ಸ್ವರ ಏರುತ್ತಾ ಹೋಗುತ್ತದೆ, 250 ಹರ್ಟ್ಜ್‌ನಿಂದ 8000 ಹರ್ಟ್ಜ್‌ವರೆಗೆ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಎಷ್ಟು ಕೆಳಗೆ ಗುರುತು ಬೀಳುತ್ತದೋ ಅಷ್ಟು ಕಿವಿ ಮಂದ ಎಂದರ್ಥ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ನನ್ನ ಕೆಂಪು ಸೊನ್ನೆಗಳು 250 ಮತ್ತು 500ರಲ್ಲಿ ಐವತ್ತು ಡೆಸಿಬೆಲ್‌ಗೆ ಬಿದ್ದಿದ್ದವು, 1000ಕ್ಕೆ ನಲವತ್ತೈದು, 2000ಕ್ಕೆ ಮೂವತ್ತೈದು, 4000ಕ್ಕೆ ನಲವತ್ತು, 8000ಕ್ಕೆ ಮತ್ತೆ ಐವತ್ತು. ಎಡಗಿವಿಯೂ ಹೆಚ್ಚೂಕಡಿಮೆ ಹಾಗೇ. 500ರಿಂದ 4000ರವರೆಗಿನ ನಾಲ್ಕು ಗುರುತುಗಳ ಸರಾಸರಿ ಇಪ್ಪತ್ತರ ಒಳಗಿದ್ದರೆ ಕಿವಿ ಸರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂವತ್ತೈದರಿಂದ ಐವತ್ತರೊಳಗೆ ಮಧ್ಯಮ ದೋಷ. ನನ್ನದು ನಲವತ್ತೆರಡೂವರೆ. ಕಿವಿಯ ಹಿಂದಿನ ಮೂಳೆಗೆ ಕಂಪಕ ಒತ್ತಿ ಮಾಡಿದ ಪರೀಕ್ಷೆಯಲ್ಲೂ ಅದೇ ಗೆರೆ ಬಂದಿತು. ಅಂದರೆ ತಮಟೆಯಲ್ಲಿ, ನಡುಗಿವಿಯಲ್ಲಿ ತೊಂದರೆ ಇಲ್ಲ, ಇರುವುದು ಒಳಗಿವಿಯಲ್ಲಿ.

“ಗಂಡಸರ ದನಿ ಕೇಳೋದು ಕಷ್ಟ ಆಗ್ತಿತ್ತಾ ಅಮ್ಮಾ?” ಎಂದು ಆ ಹುಡುಗಿ ಹಾಳೆ ನೋಡುತ್ತಲೇ ಕೇಳಿದಳು. ಪಕ್ಕದಲ್ಲಿ ನಮ್ಮವರು ಕುಳಿತಿದ್ದರು. ನಾನು ಅವರ ಕಡೆ ತಿರುಗಿದೆ. ಮೂರು ವರ್ಷದ ಜಗಳಕ್ಕೆ ಕಾರಣ ಆ ಹಾಳೆಯ ಎಡತುದಿಯಲ್ಲಿತ್ತು. ಗಂಡಸರ ದನಿಯ ಮೂಲಸ್ವರ ಸುಮಾರು ನೂರು, ನೂರಿಪ್ಪತ್ತು ಹರ್ಟ್ಜ್ ಆಸುಪಾಸು, ಹೆಂಗಸರದು ಇನ್ನೂರರ ಸುತ್ತ, ಮಕ್ಕಳದು ಅದಕ್ಕೂ ಮೇಲೆ. ನನ್ನ ಕಿವಿ ಕೆಳಗಿನ ಸ್ವರಗಳನ್ನು ಬಿಟ್ಟುಕೊಟ್ಟಿತ್ತು.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಗೆರೆ ಬಲಗಡೆಗೆ, ಅಂದರೆ ಏರುಸ್ವರಗಳಲ್ಲಿ, ಜಾರುತ್ತದಂತೆ. ಅವರಿಗೆ ಸ, ಶ, ತ, ಪ ಇಂಥ ವ್ಯಂಜನಗಳು ಕಲಸಿಹೋಗುತ್ತವೆ. ನನ್ನ ಗೆರೆ ಹಾಗಿರಲಿಲ್ಲ. ಇಎನ್‌ಟಿ ವೈದ್ಯೆ ಅದನ್ನು ನೋಡಿ ಕಿವಿಯ ಬಗ್ಗೆ ಏನೂ ಹೇಳದೆ ಮೊದಲು ಬಿಪಿ ಎಷ್ಟು ವರ್ಷದಿಂದ, ಶುಗರ್ ಎಷ್ಟು, ಕೊಲೆಸ್ಟ್ರಾಲ್ ಎಷ್ಟು, ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಾರಾ ಎಂದು ಕೇಳಿದರು. ನಮ್ಮವರು ತಲೆ ತಗ್ಗಿಸಿದರು. ಮೂವತ್ತು ವರ್ಷದ ಅಭ್ಯಾಸವನ್ನು ನನಗೆ ಸ್ಟೆಂಟ್ ಹಾಕಿದ ದಿನ ಬಿಟ್ಟಿದ್ದರು, ಇಂದಿಗೂ ಮುಟ್ಟಿಲ್ಲ. ಅಮೆರಿಕದ ಬೀವರ್ ಡ್ಯಾಮ್ ಎಂಬ ಊರಿನಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವವರಲ್ಲಿ ಕಿವಿ ಮಂದವಾಗಿರುವ ಸಾಧ್ಯತೆ ಸೇದದವರಿಗಿಂತ 1.69 ಪಟ್ಟು ಕಂಡುಬಂದಿತ್ತು. ಸೇದದಿದ್ದರೂ ಸೇದುವವರ ಜೊತೆ ಬಾಳುವವರಿಗೂ ಅಪಾಯ ಹೆಚ್ಚೆಂದು ಅದೇ ಅಧ್ಯಯನ ಹೇಳಿತು. ಇದನ್ನು ನಾನು ಆಮೇಲೆ ಓದಿದ್ದು. ಇವರಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಹೇಳಿದೆ.

ವೈದ್ಯೆ ಚೀಟಿಯ ಹಿಂಬದಿಯಲ್ಲಿ ಒಂದು ಬಸವನಹುಳು ಬರೆದರು. ಕೇಳುವ ಅಂಗ ಕಾಕ್ಲಿಯಾ ಹಾಗೇ ಇರುತ್ತದೆ, ಎರಡೂವರೆ ಸುತ್ತು ಸುರುಳಿ. ಬಿಡಿಸಿ ಹಾಸಿದರೆ ಸುಮಾರು 35 ಮಿಲಿಮೀಟರ್. ಸುರುಳಿಯ ಬುಡ ಏರುಸ್ವರಕ್ಕೆ ಮಿಡಿಯುತ್ತದೆ, ತುದಿ ಇಳಿಸ್ವರಕ್ಕೆ. ಸದ್ದಿನ ಅಲೆ ಹೀಗೆ ಸುರುಳಿಯುದ್ದಕ್ಕೂ ಹರಿದು ಒಂದೊಂದು ಸ್ವರಕ್ಕೆ ಒಂದೊಂದು ಜಾಗದಲ್ಲಿ ಏಳುತ್ತದೆ ಎಂದು ತೋರಿಸಿದ ಗೇಯಾರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು.

ಆ ಚಿತ್ರದ ಬುಡಕ್ಕೆ ಅವರು ಒಂದು ಕೂದಲೆಳೆಯಂಥ ಗೆರೆ ಎಳೆದರು. “ಇಷ್ಟೇ ನೋಡಿ, ಒಳಗಿವಿಗೆ ಹೋಗೋ ರಕ್ತನಾಳ. ಒಂದೇ ಒಂದು. ಹೃದಯದಲ್ಲಾದ್ರೆ ಒಂದು ನಾಳ ನಿಧಾನಕ್ಕೆ ಕಟ್ಟಿಕೊಳ್ತಾ ಬಂದ್ರೆ ಪಕ್ಕದಿಂದ ಸಣ್ಣಪುಟ್ಟ ಒಳದಾರಿ ಬೆಳೀಬಹುದು. ಇಲ್ಲಿ ಆ ಅವಕಾಶ ಇಲ್ಲ.”

ಆ ಗೆರೆಯನ್ನೇ ನೋಡುತ್ತಾ ಕುಳಿತೆ. ಅವರು ಮುಂದುವರಿಸಿದರು. ಸುರುಳಿಯ ಗೋಡೆಯಲ್ಲಿ ಸ್ಟ್ರಿಯಾ ಎಂಬ ಪಟ್ಟಿ ಇದೆ, ತುಂಬ ಸಣ್ಣ ರಕ್ತನಾಳಗಳು ಹೆಣೆದುಕೊಂಡಿರುವ ಪಟ್ಟಿ. ಅದು ಒಳಗಿನ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್ ವಿದ್ಯುತ್ತನ್ನು ಸದಾ ಕಾಯ್ದಿಡುತ್ತದೆ. ಸದ್ದನ್ನು ನರದ ಸಂದೇಶವಾಗಿ ಬದಲಿಸುವ ಕೂದಲುಕೋಶಗಳು ಕೆಲಸ ಮಾಡುವುದು ಆ ವಿದ್ಯುತ್ತಿನಿಂದ. ರಕ್ತದಿಂದ ಚಾರ್ಜ್ ಆಗುವ ಬ್ಯಾಟರಿ ಎಂದುಕೊಳ್ಳಿ ಎಂದರು. ವರ್ಷಗಟ್ಟಲೆ ಏರಿದ ಬಿಪಿ, ಕೊಬ್ಬು, ಸಕ್ಕರೆ, ಹೊಗೆ ಇವು ಹೃದಯದ ನಾಳಗಳನ್ನು ಕೆಡಿಸುವ ಹಾಗೆಯೇ ಈ ನಾಳಗಳನ್ನೂ ಕೆಡಿಸಬಲ್ಲವು. ಬ್ಯಾಟರಿ ಇಳಿಯುತ್ತದೆ. ಆಗ ಗೆರೆ ಎಲ್ಲ ಸ್ವರಗಳಲ್ಲೂ ಒಟ್ಟಿಗೆ ತಗ್ಗುತ್ತದೆ, ಇಲ್ಲವೇ ಇಳಿಸ್ವರಗಳಲ್ಲಿ ಹೆಚ್ಚು ತಗ್ಗುತ್ತದೆ. ಕೂದಲುಕೋಶಗಳೇ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಬ್ಯಾಟರಿ ಇಳಿದ ಕಿವಿಯಲ್ಲಿ ಕೋಶಗಳು ಎಷ್ಟೋ ಉಳಿದಿರುತ್ತವೆ, ಸದ್ದನ್ನು ದೊಡ್ಡದು ಮಾಡಿ ಕೊಟ್ಟರೆ ಮಾತು ಸ್ಪಷ್ಟವಾಗಿಯೇ ತಿಳಿಯುತ್ತದೆ. ನನ್ನ ಮಾತಿನ ಪರೀಕ್ಷೆಯಲ್ಲಿ ಹಾಗೇ ಆಗಿತ್ತು. ಸದ್ದು ಏರಿಸಿ ಪದಗಳನ್ನು ಕೇಳಿಸಿದಾಗ ನೂರಕ್ಕೆ ತೊಂಬತ್ತೆರಡನ್ನು ಸರಿಯಾಗಿ ಹೇಳಿದ್ದೆ. ಅಂದು ನನಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ.

“ಹಾಗಾದರೆ ನನ್ನ ಹೃದಯದಿಂದಲೇ ಕಿವಿ ಹೋಯ್ತಾ?” ಎಂದು ಕೇಳಿದೆ. ಅವರು ನೇರವಾಗಿ ಹೌದೆನ್ನಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಹೃದಯ ಕಿವಿಯನ್ನು ಕೆಡಿಸಿತು ಅನ್ನುವುದಕ್ಕಿಂತ ಎರಡನ್ನೂ ಒಂದೇ ಕಾಯಿಲೆ ಮುಟ್ಟಿರಬಹುದು ಎಂದರು. ವಯಸ್ಸು, ಗದ್ದಲ, ಮನೆತನ ಎಲ್ಲವೂ ಇದರಲ್ಲಿ ಸೇರಿಕೊಂಡಿರುತ್ತವೆ, ಒಬ್ಬರ ಕಿವಿ ನೋಡಿ ಇದರಿಂದಲೇ ಹೀಗಾಯಿತು ಎಂದು ಬೆರಳು ತೋರಿಸಲು ಬರುವುದಿಲ್ಲ.

ಮನೆಗೆ ಬಂದ ಮೇಲೆ ಓದಲು ಕುಳಿತೆ. ಈ ಸಂಶಯ ಹೊಸದಲ್ಲ. ನ್ಯೂಯಾರ್ಕಿನ ಕಿವಿ ಶಸ್ತ್ರಚಿಕಿತ್ಸಕ ಸ್ಯಾಮ್ಯುಯೆಲ್ ರೋಸೆನ್ ಮತ್ತು ಸಂಗಡಿಗರು ಸುಡಾನಿನ ಮಾಬಾನ್ ಜನರ ಕಿವಿಯನ್ನು ಪರೀಕ್ಷಿಸಿ 1962ರಲ್ಲಿ ಬರೆದರು. ಅಲ್ಲಿನ ಮುದುಕರಿಗೂ ಕಿವಿ ಚುರುಕಾಗಿತ್ತು, ವಯಸ್ಸಾದಂತೆ ಬಿಪಿ ಏರುತ್ತಿರಲಿಲ್ಲ. ಅವರ ಬದುಕಿನಲ್ಲಿ ಗದ್ದಲವೂ ಇರಲಿಲ್ಲವಾದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಲಾಗದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಫ್ರೇಮಿಂಗ್‌ಹ್ಯಾಮ್ ಅಧ್ಯಯನ. 1948ರಲ್ಲಿ ಹೃದಯದ ಕಾಯಿಲೆಗಳಿಗೆಂದೇ ಅಮೆರಿಕದ ಒಂದು ಊರಿನ ಜನರನ್ನು ಹಿಂಬಾಲಿಸಲು ಶುರು ಮಾಡಿದ ಅಧ್ಯಯನ ಅದು. ಆ ಜನ ಮುದುಕರಾದ ಮೇಲೆ ಅವರ ಕಿವಿಯನ್ನೂ ಪರೀಕ್ಷಿಸಿದರು. 1993ರಲ್ಲಿ ಪ್ರಕಟವಾದ ವರದಿಯಂತೆ, ಹೃದಯ ಮತ್ತು ರಕ್ತನಾಳದ ಕಾಯಿಲೆ ಇದ್ದವರಲ್ಲಿ ಇಳಿಸ್ವರದ ಕೇಳ್ಮೆ ಹೆಚ್ಚು ಕುಂದಿತ್ತು, ಈ ನಂಟು ಗಂಡಸರಿಗಿಂತ ಹೆಂಗಸರಲ್ಲಿ ಎದ್ದು ಕಾಣುತ್ತಿತ್ತು. ನಾನು ನನ್ನ ಹಾಳೆಯನ್ನು ತಂದು ಪಕ್ಕದಲ್ಲಿಟ್ಟುಕೊಂಡೆ. ಕೆಂಪು ಸೊನ್ನೆಗಳು ಎಡಗಡೆ ಬಿದ್ದೇ ಇದ್ದವು.

ನಾಡಿಯ ಸದ್ದಿನ ವಿಷಯ ಹೇಳಿದಾಗ ವೈದ್ಯೆ ಕುತ್ತಿಗೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಕತ್ತಿನ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಬರೆದುಕೊಟ್ಟರು. ಸುಮ್ಮನೆ ಗುಂಯ್ಗುಡುವ ಕಿವಿಗೂ ನಾಡಿಯ ತಾಳಕ್ಕೆ ಬಡಿಯುವ ಕಿವಿಗೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ಕತ್ತಿನ ನಾಳ ಕಿರಿದಾಗಿರುವುದು, ಬಿಪಿ, ರಕ್ತಹೀನತೆ ಹೀಗೆ ಹುಡುಕಿದರೆ ಸಿಗುವ ಕಾರಣಗಳಿರಬಹುದು. ನನ್ನ ಕತ್ತಿನ ಬಲಗಡೆಯ ಕ್ಯಾರೋಟಿಡ್ ನಾಳದಲ್ಲಿ ಕೊಬ್ಬಿನ ಪದರ ಕಟ್ಟಿತ್ತು, ಆದರೆ ಕಿರಿದಾದದ್ದು ಅರ್ಧಕ್ಕಿಂತ ಕಡಿಮೆ. ಆಪರೇಷನ್ ಬೇಡ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡಬೇಡಿ, ಬಿಪಿ ಹತೋಟಿಯಲ್ಲಿಡಿ ಎಂದರು. ಬಿಪಿ ಇಳಿದ ಮೇಲೆ ಆ ಸದ್ದು ರಾತ್ರಿಗಳಲ್ಲಿ ಕಡಿಮೆಯಾಗಿದೆ.

ಇನ್ನೊಂದು ಭಯ ನನ್ನನ್ನು ಕಾಡುತ್ತಿತ್ತು. ಹೃದಯದ ಮಾತ್ರೆಗಳೇ ಕಿವಿಯನ್ನು ತಿಂದವೇ? ಇದನ್ನು ಎಷ್ಟೋ ಜನ ಒಳಗೊಳಗೇ ಅಂದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ ಎಂದು ವೈದ್ಯೆಯೇ ಹೇಳಿದರು. ಫ್ಯೂರೊಸೆಮೈಡನ್ನು ದೊಡ್ಡ ಪ್ರಮಾಣದಲ್ಲಿ, ಬೇಗ ಬೇಗ ರಕ್ತಕ್ಕೆ ಕೊಟ್ಟರೆ ಕಿವಿ ಮಂದವಾಗಬಹುದು, ಹೆಚ್ಚಿನ ಪಾಲು ಅದು ಮರಳಿ ಸರಿಹೋಗುತ್ತದೆ. ಆಸ್ಪಿರಿನ್ ಕಿವಿಯಲ್ಲಿ ಗುಂಯ್ ಸದ್ದು ತರುವುದು ನೋವಿಗೆಂದು ದಿನಕ್ಕೆ ಗ್ರಾಂಗಟ್ಟಲೆ ತೆಗೆದುಕೊಂಡಾಗ. ಹೃದಯಕ್ಕೆ ಕೊಡುವ 75 ಮಿಲಿಗ್ರಾಂಗೂ ಅದಕ್ಕೂ ಹೋಲಿಕೆಯೇ ಇಲ್ಲ. ನನ್ನ ಕಿವಿಯಂತೂ ಈ ಯಾವ ಔಷಧಿಗೂ ಮೂರು ವರ್ಷ ಮೊದಲೇ ಮಂದವಾಗಿತ್ತು. ಅನುಮಾನ ಬಂದರೆ ಮಾತ್ರೆ ಕೊಟ್ಟವರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ ಎಂದರು. ಆ ‘ಬೇಡಿ’ಯನ್ನು ಅವರು ಮುಖಕ್ಕೆ ಮುಖ ಕೊಟ್ಟು, ಒತ್ತಿ ಹೇಳಿದರು.

ಎದ್ದು ಬರುವಾಗ ಕೈ ಹಿಡಿದು ಇನ್ನೊಂದು ಮಾತು ಹೇಳಿದರು. ಒಂದು ಕಿವಿ ಇದ್ದಕ್ಕಿದ್ದಂತೆ, ಗಂಟೆಗಳಲ್ಲೋ ಎರಡು ಮೂರು ದಿನದೊಳಗೋ ಮುಚ್ಚಿಹೋದರೆ ಶೀತ ಎಂದು ಕಾಯಬಾರದು, ಅಂದೇ ಬರಬೇಕು. ಸ್ಟಿರಾಯ್ಡ್ ಚಿಕಿತ್ಸೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಎರಡು ವಾರ ದಾಟಿದರೆ ಫಲ ಕಡಿಮೆ. ಜೊತೆಗೆ ತಲೆ ತಿರುಗಿದರೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ ಸೀದಾ ತುರ್ತು ವಿಭಾಗಕ್ಕೆ, ಏಕೆಂದರೆ ಒಳಗಿವಿಯ ನಾಳ ಕವಲೊಡೆಯುವುದು ಮಿದುಳಿಗೆ ರಕ್ತ ಕೊಡುವ ನಾಳದಿಂದಲೇ. ಹಾಗೆ ಹಠಾತ್ತಾಗಿ ಕಿವಿ ಹೋಗಿ ಆಸ್ಪತ್ರೆ ಸೇರಿದವರಿಗೆ ಮುಂದಿನ ಐದು ವರ್ಷದಲ್ಲಿ ಪಾರ್ಶ್ವವಾಯು ಬರುವ ಸಾಧ್ಯತೆ ಬೇರೆಯವರಿಗಿಂತ 1.64 ಪಟ್ಟು ಎಂದು ತೈವಾನಿನ ಒಂದು ಅಧ್ಯಯನ 2008ರಲ್ಲಿ ಕಂಡುಕೊಂಡಿದೆ. ನನ್ನಂಥ ಹೃದಯದವರಿಗೆ ಇದು ತಿಳಿದಿರಲೇಬೇಕು.

ಶ್ರವಣ ಸಾಧನಕ್ಕೆ ನಾನು ಸುಲಭವಾಗಿ ಒಪ್ಪಲಿಲ್ಲ. ಕಿವಿ ಮಿಷನ್ ಹಾಕಿಕೊಂಡರೆ ಮುದುಕಿ ಎಂದು ಕಾಣುತ್ತೇನೆ ಎಂಬ ಸಂಕೋಚ ಒಂದಿಷ್ಟು. ಮಗಳು ಆ ನಾಲ್ಕು ಮಾತ್ರೆಗಳ ಸ್ಟ್ರಿಪ್ಪನ್ನು ತಂದು ಮೇಜಿನ ಮೇಲಿಟ್ಟಳು, ಏನೂ ಹೇಳಲಿಲ್ಲ. ಮಾರನೆಯ ದಿನ ಹೋದೆವು.

ಮೊದಲು ಆಡಿಯಾಲಜಿಸ್ಟ್ ನನಗೆ ಪೇಸ್‌ಮೇಕರ್ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಇದ್ದವರು ಅಯಸ್ಕಾಂತ ಇರುವ ಸಾಧನ, ಚಾರ್ಜರ್‌ಗಳನ್ನು ಎದೆಯಿಂದ ಸುಮಾರು 15 ಸೆಂಟಿಮೀಟರ್ ದೂರ ಇಡಬೇಕಂತೆ, ಅಂಗಿಯ ಜೇಬಿಗೆ ಹಾಕಿಕೊಳ್ಳಬಾರದಂತೆ. ಆಮೇಲೆ ಕಿವಿಯೊಳಕ್ಕೆ ದಾರ ಕಟ್ಟಿದ ಸಣ್ಣ ಸ್ಪಂಜು ತಳ್ಳಿ, ಎರಡು ಬಣ್ಣದ ಮುದ್ದೆಗಳನ್ನು ಕಲಸಿ, ಸಿರಿಂಜಿನಿಂದ ಕಿವಿಗೆ ತುಂಬಿದಳು. ತಣ್ಣಗೆ ಒಳಗೆ ಹರಡಿಕೊಂಡಿತು, ಪ್ರಪಂಚ ಪೂರ್ತಿ ಮುಚ್ಚಿಹೋಯಿತು. ಐದು ನಿಮಿಷ ಬಾಯಿ ಆಡಿಸದೆ ಕುಳಿತೆ. ಹೊರಗೆಳೆದಾಗ ನನ್ನ ಕಿವಿಯ ಒಳಗಿನ ಪ್ರತಿ ತಿರುವೂ ಅದರಲ್ಲಿ ಅಚ್ಚಾಗಿತ್ತು. ಹೆಚ್ಚು ಜನಕ್ಕೆ ತೂತಿರುವ ಮೆತ್ತನೆ ರಬ್ಬರ್ ಟೋಪಿ ಸಾಕಾಗುತ್ತದೆ, ಆದರೆ ಇಳಿಸ್ವರದ ಸದ್ದು ಆ ತೂತಿನಿಂದ ಸೋರಿಹೋಗುತ್ತದೆ, ನಿಮ್ಮ ಕಿವಿಗೆ ಬೇಕಾಗಿರುವುದೇ ಅದು, ಅದಕ್ಕೇ ಅಚ್ಚು ಎಂದು ಅವಳು ವಿವರಿಸಿದಳು. ನನ್ನ ಅಳತೆಗೆ ಒಬ್ಬರು ಇಷ್ಟು ಯೋಚಿಸಿದ್ದು ನನಗೆ ಬಹಳ ಹಿತವೆನಿಸಿತು.

ಹತ್ತು ದಿನದ ಮೇಲೆ ಎರಡೂ ಕಿವಿಗೆ ಹಾಕಿ ಕಂಪ್ಯೂಟರಿನಲ್ಲಿ ಹೊಂದಿಸಿದಳು. ಮೊದಲು ಕೇಳಿಸಿದ್ದು ನನ್ನದೇ ದನಿ, ಕೊಡದೊಳಗೆ ಮಾತಾಡಿದ ಹಾಗೆ. ಹಾಳೆ ತಿರುವಿದರೆ ಚರಚರ. ಬಾಗಿಲಾಚೆ ಯಾರೋ ನಡೆದುಹೋದರು, ಅವರ ಭಾರ ನೆಲದ ಮೇಲೆ ಬೀಳುವುದು ಕೇಳಿಸಿತು. ಆಗ ನಮ್ಮವರು ಹಿಂದಿನಿಂದ, “ಲೇ, ಕೇಳಿಸ್ತಿದೆಯೇನೇ?” ಎಂದರು. ಮೆತ್ತಗೇ ಹೇಳಿದ್ದರು. ತಿರುಗಿ ನೋಡದೆ ಹೂಂ ಎಂದೆ. ಈ ಸಲದ ಹೂಂ ಕೇಳಿಸಿಯೇ ಅಂದದ್ದು.

ಮೊದಲ ಮೂರು ವಾರ ಕಷ್ಟವಿತ್ತು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ತೆಗೆದಿಟ್ಟುಬಿಡುತ್ತಿದ್ದೆ. ಮಿದುಳು ಮರೆತ ಸದ್ದುಗಳನ್ನು ಮತ್ತೆ ಗುರುತಿಸಲು ಸಮಯ ಬೇಕು, ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತಾ ಹೋಗಿ ಎಂದಳು ಹುಡುಗಿ. ಎರಡು ಸಲ ಹೋಗಿ ಹೊಂದಿಸಿಕೊಂಡು ಬಂದ ಮೇಲೆ ದಿನವಿಡೀ ಹಾಕಿಕೊಳ್ಳುವುದು ರೂಢಿಯಾಯಿತು. ಹೃದಯದ ವ್ಯಾಯಾಮ ತರಗತಿಯಲ್ಲಿ ಆಗಿನವರೆಗೆ ಪಕ್ಕದವರನ್ನು ನೋಡಿ ಕೈಕಾಲು ಆಡಿಸುತ್ತಿದ್ದೆ. ಈಗ ಉಸಿರು ಯಾವಾಗ ಬಿಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಕೇಳಿಸುತ್ತದೆ. ಕಿವಿ ಕೇಳಿಸದವಳಿಗೆ ಹೃದಯದ ಚಿಕಿತ್ಸೆ ಅರ್ಧವೇ ತಲುಪುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹೃದಯದ ವಾರ್ಡಿನಲ್ಲಿ ಬರೆಸಿಕೊಳ್ಳುವ ಹಾಳೆಗೆ ಕಿವಿಯ ಬಗ್ಗೆ ಒಂದು ಸಾಲು ಸೇರಿಸಿ ಎಂದು ಆಸ್ಪತ್ರೆಗೆ ಪತ್ರ ಬರೆದಿದ್ದೇನೆ.

ವರ್ಷ ತುಂಬಿದ ಮೇಲೆ ಮತ್ತೆ ಆ ಸ್ಪಂಜಿನ ಕೋಣೆಯಲ್ಲಿ ಕುಳಿತೆ. ಗೆರೆ ಇದ್ದಲ್ಲೇ ಇತ್ತು, ಒಂದೆರಡು ಕಡೆ ಐದು ಡೆಸಿಬೆಲ್ ಹೆಚ್ಚುಕಡಿಮೆ. ಐದರ ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಬರುವಂಥದ್ದೇ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋದದ್ದು ಮರಳಿಲ್ಲ, ಇದ್ದದ್ದು ಜಾರಿಲ್ಲ. ಬಿಪಿ, ನಡಿಗೆ, ಮಾತ್ರೆ ಎಲ್ಲ ಸರಿಯಾಗಿದ್ದರೂ ಸತ್ತ ಕೂದಲುಕೋಶ ಏಳುವುದಿಲ್ಲ ಎಂದು ಗೊತ್ತಿತ್ತು. ಆದರೂ ಹಾಳೆ ಕೈಗೆ ಬರುವವರೆಗೆ ಒಂದು ಆಸೆ ಇಟ್ಟುಕೊಂಡಿದ್ದೆ.

ಅದೇ ವಾರ ಹೃದ್ರೋಗ ತಜ್ಞರ ಬಳಿ ಹೋಗುವುದಿತ್ತು. ಅವರು ಎಕೋ ವರದಿ ನೋಡಿದರು, ಬಿಪಿ ನೋಡಿದರು, ಫೈಲ್ ಮುಚ್ಚಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನನ್ನ ಮುಖ ನೋಡಿಕೊಂಡು ಹೇಳಿದರು:

“ಆಸ್ಪಿರಿನ್ ಮುಂದುವರಿಸಿ ಟೀಚರ್. ಕ್ಲೋಪಿಡೋಗ್ರೆಲ್ ಇವತ್ತಿಗೆ ನಿಲ್ಲಿಸಿ.”

ನನ್ನ ಕೈ ತಾನಾಗಿ ಬಲಗಿವಿಗೆ ಹೋಯಿತು. “ನಿಲ್ಲಿಸಿ ಅಂದಿರಾ ಸರ್, ನಿಲ್ಲಿಸಬೇಡಿ ಅಂದಿರಾ?”

“ನಿಲ್ಲಿಸಿ,” ಎಂದರು. ಮಗಳ ಕಡೆ ತಿರುಗಿದೆ. ಅವಳು ತಲೆಯಾಡಿಸಿದಳು. ಅವರು ಚೀಟಿ ಎಳೆದುಕೊಂಡು, ಸಂಕ್ಷೇಪಾಕ್ಷರ ಹಾಕದೆ, ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟರು.